ಎಂಟು ಹೆಸರಿನ ಹಾಳೆ

ಕುಷ್ಟಗಿ,
ಶನಿವಾರ, 18 ಡಿಸೆಂಬರ್ 1948

ಚಿ. ಸೌ. ಶೇಖರಮ್ಮನಿಗೆ ಕಳಕಪ್ಪನ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ. ಗದಗಿನಲ್ಲಿ ನೀನೂ ಮಗಳೂ, ನಿಮ್ಮಣ್ಣ ಕೊಟ್ರಬಸಪ್ಪನವರ ಮನೆಯವರೆಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳೂ ಮುಟ್ಟಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಕೆಲಸ ಬಹಳವಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಪ್ರತಿ ಸಲವೂ ಹಾಳೆ ಮುಂದಿಟ್ಟುಕೊಂಡು ಕೂತು, ನಿನ್ನ ಹೆಸರು ಬರೆದು, ಅಲ್ಲಿಗೇ ನಿಲ್ಲಿಸಿ ಎದ್ದುಬಿಡುತ್ತಿದ್ದೆ. ನಿನಗೆ ಸಿಟ್ಟು ಬಂದಿರಬೇಕು. ಬರಲಿ.

ಬೇಸಿಗೆಯಿಂದ ಈಚೆ ನಾನು ಬರೆದದ್ದೆಲ್ಲ ಎರಡೆರಡು ಸಾಲಿನ ಕಾರ್ಡು. ಆಗ ಟಪಾಲನ್ನು ಒಡೆದು ಓದುತ್ತಿದ್ದರು. ಈಗ ಓದುವುದಿಲ್ಲವಂತೆ. ಆದರೂ ಇದನ್ನು ಉಣ್ಣೆ ನೂಲುವ ಹುಲಗೆಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಆಕೆ ನಿನ್ನ ಕೈಗೇ ಕೊಡುತ್ತಾಳೆ. ನಿಮ್ಮಣ್ಣನವರಿಗೆ ಮನೆಗೆ ಬಂದ ಕಾಗದವನ್ನೆಲ್ಲ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿಸುವ ರೂಢಿಯಿದೆ. ಇದನ್ನು ನೀನೊಬ್ಬಳೇ ಓದು. ಅಕ್ಷರ ಕೂಡಿಸಿಕೊಂಡು ಓದಲು ಎರಡು ದಿನ ಹಿಡಿದರೂ ಚಿಂತೆಯಿಲ್ಲ, ಬೇರೆಯವರ ಕೈಗೆ ಕೊಡಬೇಡ.

ನೀನು ಕೇಳಿದ್ದು ಮೂರು ಮಾತು. ನಮ್ಮನ್ನು ಯಾವಾಗ ಕರೆದುಕೊಂಡು ಹೋಗುತ್ತೀರಿ ಎಂಬುದು ಒಂದು. ಸಂಕ್ರಮಣಕ್ಕೆ ಗದಗಿನಲ್ಲಿ ಪ್ರೆಸ್ಸಿನ ಹೇಮಪ್ಪನವರು ನಿಮಗೆ ಶಾಲು ಹೊದಿಸುತ್ತಾರಂತೆ, ನಿಜವೇ ಎಂಬುದು ಇನ್ನೊಂದು. ಮೂರನೆಯದನ್ನು ನೀನು ಕೊನೆಯಲ್ಲಿ ಸುಮ್ಮನೆ ನೆನಪಾಗಿ ಬರೆದಂತಿತ್ತು: "ನೂರಜಾನಬಿಗೆ ಒಂದು ಸಲ ಈ ಕಡೆ ಬಾ ಅಂತ ಹೇಳ್ರಿ. ಇಲ್ಲಿ ಬಳೆಗಾರರು ಮುಂಗೈ ತಿರುವಿ ನೋಯಿಸ್ತಾರ. ಆಕಿ ಕೈಯಾಗ ಬಳಿ ಏರಿದ್ದ ಗೊತ್ತಾಗೂದಿಲ್ಲ."

ಆ ಮೂರನೆಯದಕ್ಕೆ ಮೊದಲು ಉತ್ತರ ಹೇಳದೆ ಉಳಿದೆರಡಕ್ಕೆ ಹೇಳಲು ನನಗಾಗುವುದಿಲ್ಲ. ನೂರಜಾನಬಿ ಇನ್ನಿಲ್ಲ, ಶೇಖರಾ. ಆಷಾಢದಲ್ಲಿ ತೀರಿಕೊಂಡಳು. ಹೇಗೆ ಎಂಬುದನ್ನು ಮೊದಲಿನಿಂದ ಬರೆಯುತ್ತೇನೆ.

ತಹಸೀಲ ಕಚೇರಿಯಿಂದ ನನ್ನನ್ನು ಊರ ಹೊರಗಿನ ಫೌಜಿನ ಠಾಣೆಗೆ ಎರವಲು ಕಳಿಸಿದ್ದು ನಿನಗೆ ಗೊತ್ತು. ನನ್ನ ಉರ್ದು ಅಕ್ಷರ ಚೆನ್ನಾಗಿದೆ ಎಂಬುದೇ ತಪ್ಪಾಯಿತು. ಅಲ್ಲಿ ನಿಜಾಮ ಸರಕಾರದ ಕ್ಯಾಪ್ಟನ್ ಸಾಹೇಬನ ಕಾಗದಗಳ ನಕಲು ತೆಗೆಯುವುದು ನನ್ನ ಕೆಲಸ. ಅಲ್ಲಿಯ ಮಾತು ಒಂದನ್ನೂ ಮನೆಗೆ ತರಬಾರದೆಂದು ಆಣೆ ಮಾಡಿಸಿಕೊಂಡಿದ್ದರು. ನಾನೂ ತಂದಿರಲಿಲ್ಲ. ನೀನು ಹಾಲು ಕಾಸುತ್ತ "ಇವತ್ತೇನಾತು?" ಎಂದು ಕೇಳಿದಾಗಲೆಲ್ಲ "ಏನಿಲ್ಲ" ಎನ್ನುತ್ತಿದ್ದೆ.

ಚೈತ್ರದಲ್ಲಿ, ನೀನಿನ್ನೂ ಇಲ್ಲೇ ಇದ್ದೆ, ಒಂದು ದಿನ ನೂರಜಾನಬಿ ಠಾಣೆಗೆ ಬಂದಳು. ಬಳೆಯ ಪೆಟ್ಟಿಗೆ ತಲೆಯ ಮೇಲಿತ್ತು. ಕಾವಲಿನವನು ತಡೆದರೂ ನಿಲ್ಲದೆ ನೇರ ಕ್ಯಾಪ್ಟನ್ನನ ಮೇಜಿನ ಮುಂದೆ ಬಂದು ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದಳು. ಒಳಗೆಲ್ಲ ಒಡೆದ ಬಳೆಯ ಚೂರು.

"ಸಾಹೇಬರಿಗೆ ಹೇಳ್ರಿ ಅಣ್ಣಾರ," ಎಂದು ನನ್ನ ಕಡೆ ತಿರುಗಿದಳು. "ಇವರ ಸಿಪಾಯಿಗೋಳು ಹಾದ್ಯಾಗ ನಿಂದರಿಸಿ ಎರಡು ಡಜನ್ ಹಸರ ಬಳಿ ಕಸಗೊಂಡಾರ. ಉಳದದ್ದು ಬೂಟಿಲೆ ಒದ್ದು ಒಡದಾರ. ಆ ಎರಡು ಡಜನ್ ಏನು ತಾವ ತೊಟ್ಗೊಂತಾರೇನ್ರಿ?"

ಬಾಗಿಲಲ್ಲಿದ್ದ ಜಮಾದಾರ ಮುಖ ಆಚೆ ತಿರುಗಿಸಿ ನಕ್ಕ. ಕ್ಯಾಪ್ಟನ್ ನಗಲಿಲ್ಲ. ಹೇಳಿಕೆ ಬರೆದುಕೋ ಎಂದ. ನಾನೇ ಉರ್ದುವಿನಲ್ಲಿ ಬರೆದುಕೊಂಡೆ. ಆಮೇಲೆ ಅವನು ಬೇರೆ ಪ್ರಶ್ನೆ ತೆಗೆದ. ಯಾವ ಯಾವ ಹಳ್ಳಿಗೆ ಹೋಗಿದ್ದೆ? ಸರಕಾರದ ವಿರುದ್ಧ ಗಡಿಯಾಚೆಯಿಂದ ಬಂದ ಗಂಡಸರನ್ನು ಎಲ್ಲಿ ನೋಡಿದೆ? ಯಾರ ಮನೆಯಲ್ಲಿ ಉಳಿದಿದ್ದರು?

"ನಾ ಗಂಡಸರ ಮಾರಿ ನೋಡಾಕಿ ಅಲ್ರಿ, ಮುಂಗೈ ನೋಡಾಕಿ," ಎಂದಳು. "ಹೆಣ್ಣಮಕ್ಕಳ ಮುಂಗೈ ನೋಡೇನಿ. ಯಾರದು ದಪ್ಪ ಅದಾವು, ಯಾರದು ಸಣ್ಣ ಅದಾವು ಅಂತ ಬೇಕಾದ್ರ ಹೇಳತೀನಿ."

ಅದನ್ನೂ ಬರೆದೆ. ಕೆಳಗೆ ಹೆಬ್ಬೆಟ್ಟು ಒತ್ತಿ ಹೋದಳು. ಬಳೆ ತಿರುಗಿ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ವೈಶಾಖದಲ್ಲಿ ನಿಮ್ಮಣ್ಣ ಯಲಬುರ್ಗಾದ ಅಂಗಡಿ ಮುಚ್ಚಿ, ಮಂದಿಯನ್ನೆಲ್ಲ ಚಕ್ಕಡಿಯಲ್ಲಿ ಕೂರಿಸಿಕೊಂಡು ಗಡಿ ದಾಟಿ ಗದಗಿಗೆ ಹೊರಟಾಗ ನಿಮ್ಮಿಬ್ಬರನ್ನೂ ಜತೆಗೆ ಕಳಿಸಿದೆ. ನೀನು ಒಲ್ಲೆನೆಂದು ಅತ್ತೆ. ನೀನಿರುವಾಗ ನಾನು ಮಾಡಲಾರದ ಕೆಲಸವೊಂದು ಆಗಲೇ ನನ್ನ ತಲೆಯಲ್ಲಿತ್ತು. ಅದನ್ನು ಆಗ ಹೇಳಲಿಲ್ಲ.

ಹಳ್ಳಿಗಳಲ್ಲಿ ನಡೆಯುತ್ತಿದ್ದುದು ನಿನಗೆ ಗೊತ್ತಿಲ್ಲದ್ದಲ್ಲ. ಇವತ್ತು ಈ ಊರು ಸುಟ್ಟಿತು, ನಿನ್ನೆ ಆ ಊರಿನ ಜೋಳದ ಹಗೇವು ಬರಿದಾಯಿತು ಎಂದು ಜನ ಆಡಿಕೊಳ್ಳುವ ಹೊತ್ತಿಗೆ, ಅದರ ಹುಕುಂ ಎಂಟು ದಿನ ಮೊದಲೇ ನನ್ನ ಕೈಯಲ್ಲಿ ನಕಲಾಗಿರುತ್ತಿತ್ತು. ನನ್ನ ಅಕ್ಷರದಲ್ಲಿ ಬರೆದ ಕಾಗದ ಹಿಡಿದುಕೊಂಡೇ ಫೌಜು ಹೋಗುತ್ತಿತ್ತು. ಅದು ನನ್ನಿಂದ ತಡೆಯಲಾಗುತ್ತಿರಲಿಲ್ಲ.

ಜೂನ್ ತಿಂಗಳ ಕೊನೆಗೆ ನಾಲ್ಕು ಹಾಳೆಯ ಒಂದು ಹುಕುಂ ನಕಲಿಗೆ ಬಂತು. ಮೇಲೆ ಕೆಂಪು ಶಾಯಿಯಲ್ಲಿ 'ಗುಪ್ತ' ಎಂದಿತ್ತು. ಗಡಿಯ ಏಳು ಹಳ್ಳಿಗಳನ್ನು ಯಾವ ಯಾವ ದಿನ ಸುತ್ತುವರಿಯಬೇಕು, ಯಾವ ದಾರಿ ಮುಚ್ಚಬೇಕು, ಯಾರನ್ನು ಹಿಡಿಯಬೇಕು ಎಂಬುದೆಲ್ಲ ಮೊದಲ ಮೂರು ಹಾಳೆಗಳಲ್ಲಿ. ನಾಲ್ಕನೆಯ ಹಾಳೆಯಲ್ಲಿ ಬರೀ ಹೆಸರು. ನಮಗೆ ಸುದ್ದಿ ಕೊಟ್ಟವರು ಇವರು, ಇವರ ಮನೆಗೆ ಕೈ ಹಚ್ಚಬಾರದು ಎಂದು ಮೇಲೆ ಒಂದು ಸಾಲು. ಅದರಲ್ಲಿ ನೂರಜಾನಬಿಯ ಹೆಸರಿತ್ತು.

ನಾನು ಅದನ್ನು ನೋಡಿ ಬೆಚ್ಚಿದೆ. ಹಿಂದಿನ ವಾರವಷ್ಟೇ ಕ್ಯಾಪ್ಟನ್ ಜಮಾದಾರನಿಗೆ ಹೇಳಿದ್ದು ಕಿವಿಗೆ ಬಿದ್ದಿತ್ತು: ನಿಮಗೆ ಸುದ್ದಿ ಕೊಡುವವರು ಎಷ್ಟು ಜನ ಎಂದು ಮೇಲಿನವರು ಕೇಳಿದ್ದಾರೆ, ಪಟ್ಟಿ ತುಂಬಿಸು. ಠಾಣೆಗೆ ಹೇಳಿಕೆ ಕೊಟ್ಟವರ ಹೆಸರನ್ನು ಎತ್ತಿ ಹಾಕಿದ್ದರು.

ಮಧ್ಯಾಹ್ನ ಸಾಹೇಬ ಊಟ ಮಾಡಿ ಒರಗುತ್ತಿದ್ದ. ಆ ಬಿಸಿಲಿಗೆ ಕಾವಲಿನವರೂ ಬೇವಿನ ನೆರಳು ಬಿಟ್ಟು ಏಳುತ್ತಿರಲಿಲ್ಲ. ಸರಕಾರಿ ನಕಲು ಮುಗಿಸಿದವನೇ ಇನ್ನೊಂದು ನಕಲನ್ನು ಕನ್ನಡದಲ್ಲಿ ತೆಗೆಯಲು ಕೂತೆ. ಒಮ್ಮೆ ಜಮಾದಾರ ಬಾಗಿಲಿಗೆ ಬಂದು, "ಇನ್ನಾ ಮುಗೀಲಿಲ್ಲೇನ್ರಿ ಗುಮಾಸ್ತರ?" ಎಂದ. "ನಾಕು ಹಾಳಿ ಐತಿ, ಆಗಬೇಕಲ್ಲ," ಎಂದೆ. ಅವನು ಕನ್ನಡ ಆಡುತ್ತಿದ್ದನೇ ಹೊರತು ಓದಲು ಬರುತ್ತಿರಲಿಲ್ಲ. ಮೇಜಿನ ಮೇಲೆ ಕನ್ನಡದ ಹಾಳೆ ತೆರೆದೇ ಇತ್ತು. ನೋಡಿ ಹೊರಟುಹೋದ.

ನಾಲ್ಕನೆಯ ಹಾಳೆಯನ್ನೂ ಬರೆದೆ. ಹಳ್ಳಿಯವರು ತಮ್ಮ ನಡುವೆ ಯಾರಿದ್ದಾರೆಂದು ತಿಳಿದು ಹುಷಾರಾಗಿರಲಿ ಎಂದು ನನ್ನ ಲೆಕ್ಕ. ಅಂಚಿನಲ್ಲಿ ಹೇಮಪ್ಪನಿಗೆ ಒಂದು ಸಾಲು ಬರೆದೆ: 'ಈ ಹಾಳೆ ಛಾಪಿಸಲು ಅಲ್ಲ. ಆಯಾ ಊರಿನ ಹಿರಿಯರಿಗೆ ಗುಟ್ಟಾಗಿ ತಿಳಿಸಿ ಸುಟ್ಟುಬಿಡು.' ನೂರಜಾನಬಿಯ ಹೆಸರಿನ ಪಕ್ಕದಲ್ಲಿ 'ಇದು ಸುಳ್ಳು' ಎಂದು ಎರಡು ಶಬ್ದ ಬರೆಯಬಹುದಿತ್ತು. ಬರೆಯಲಿಲ್ಲ. ಹೊತ್ತು ಇರಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ.

ಹೇಮಪ್ಪನನ್ನು ನೀನು ನಮ್ಮ ಮದುವೆಯಲ್ಲಿ ನೋಡಿದ್ದೀ. ನಾನೂ ಅವನೂ ಒಂದೇ ಸಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತು ಓದಿದವರು. ಈಗ ಗದಗಿನಲ್ಲಿ ಸ್ವಂತ ಪ್ರೆಸ್ಸು, ವಾರಕ್ಕೊಂದು ಪತ್ರಿಕೆ. ಕಾಗದವನ್ನು ಅವನಿಗೆ ಮುಟ್ಟಿಸಿದವಳು ಹುಲಗೆಮ್ಮ. ಆಕೆ ನೂತ ಉಣ್ಣೆಯನ್ನು ಗಜೇಂದ್ರಗಡದ ಸಂತೆಗೆ ಒಯ್ಯುತ್ತಿದ್ದಳಲ್ಲ, ಆ ಗಂಟಿನ ನಡುವೆ ಇಟ್ಟುಕೊಟ್ಟೆ. ಏನು ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಂತೆಯಲ್ಲಿ ಹೇಮಪ್ಪನ ಮನುಷ್ಯ ಬಂದು ಆ ಗಂಟನ್ನೇ ಕೊಂಡುಕೊಂಡ.

ಮುಂದಿನ ಹದಿನೈದು ದಿನದಲ್ಲಿ ಸುದ್ದಿ ಬರತೊಡಗಿತು. ಫೌಜು ಹೋದ ಮೊದಲ ಹಳ್ಳಿಯಲ್ಲಿ ಒಂದು ಆಕಳೂ ಇರಲಿಲ್ಲ. ಎರಡನೆಯದರಲ್ಲಿ ಒಲೆಗಳು ತಣ್ಣಗಿದ್ದವು. ಮೂರನೆಯದರಲ್ಲಿ ಒಬ್ಬ ಕುರುಡ ಮುದುಕ ಮಾತ್ರ ಕಟ್ಟೆಯ ಮೇಲೆ ಕೂತು "ಎಲ್ಲಾರೂ ಬೀಗರ ಊರಿಗೆ ಹೋಗ್ಯಾರ್ರಿ" ಎಂದನಂತೆ. ಏಳು ಊರಿನ ಜನ ಉಳಿದರು, ಶೇಖರಾ. ಅದನ್ನು ನಾನು ಸುಳ್ಳು ಅನ್ನಲಾರೆ. ಆ ದಿನಗಳಲ್ಲಿ ಹಾದಿಯಲ್ಲಿ ನಡೆಯುವಾಗ ನನಗೆ ನಾನೇ ಬೇರೆ ಮನುಷ್ಯನಂತೆ ಕಾಣುತ್ತಿದ್ದೆ.

ಜುಲೈ ತಿಂಗಳ ಎರಡನೆಯ ವಾರ ಒಂದು ಬೆಳಿಗ್ಗೆ ಕ್ಯಾಪ್ಟನ್ ಕರೆಸಿದ. ಮೇಜಿನ ಮೇಲೆ ಹೇಮಪ್ಪನ ಪತ್ರಿಕೆ ಇತ್ತು. ಯಾರೋ ಪ್ರಯಾಣಿಕನ ಹತ್ತಿರ ಸಿಕ್ಕಿತ್ತು. ಅದರ ಪಕ್ಕದಲ್ಲಿ ಮೂಲ ಹುಕುಂ. ಬಾಗಿಲಲ್ಲಿ ಜಮಾದಾರ, ಬಂದೂಕಿನ ಸಮೇತ.

"ಇದನ್ನು ಉರ್ದುವಿನಲ್ಲಿ ಓದು," ಎಂದ ಸಾಹೇಬ. ತಾನು ಮೂಲದ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಕೂತ.

ನನ್ನ ಪರಿಸ್ಥಿತಿ ನೋಡು. ಆ ಕನ್ನಡ ನನ್ನದೇ. ಅದನ್ನು ಮತ್ತೆ ಉರ್ದು ಮಾಡುವಾಗ ಮೂಲದ ಶಬ್ದಗಳೇ ನಾಲಿಗೆಯ ತುದಿಗೆ ಬರುತ್ತಿದ್ದವು. ಅವೇ ಬಂದರೆ ನಾನು ಸಿಕ್ಕಿಬಿದ್ದಂತೆ. ಪ್ರತಿಯೊಂದು ಶಬ್ದಕ್ಕೂ ಇನ್ನೊಂದನ್ನು ಹುಡುಕಿ, ಮೊದಲ ಸಲ ನೋಡುವವನಂತೆ ತಡವರಿಸಿ ಓದಿದೆ. ಒಂದು ಹಾಳೆಯಷ್ಟು ಮುಗಿಯಿತು, ಎರಡು, ಮೂರು. ಇನ್ನು ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಕಣ್ಣು ಮುಂದಿನ ಕಾಲಮಿಗೆ ಹೋಯಿತು. ದಪ್ಪ ಅಕ್ಷರದ ತಲೆಬರಹ: 'ನಮ್ಮನ್ನು ಮಾರಿಕೊಂಡವರು ಇವರೇ'. ಕೆಳಗೆ ಸಾಲಾಗಿ ಎಂಟು ಹೆಸರು, ಊರು ಸಮೇತ. ನಾಲ್ಕನೆಯದು, 'ನೂರಜಾನಬಿ, ಬಳೆ ಮಾರುವವಳು, ಕುಷ್ಟಗಿ'.

ಹೇಮಪ್ಪ ಛಾಪಿಸಿಬಿಟ್ಟಿದ್ದ. ನನಗೆ ಅದು ಗೊತ್ತಾದದ್ದೇ ಆ ಮೇಜಿನ ಮುಂದೆ ನಿಂತಾಗ.

"ಯಾಕೆ ನಿಲ್ಲಿಸಿದೆ? ಓದು," ಎಂದ ಕ್ಯಾಪ್ಟನ್.

ಓದಿದೆ. ಅವನ ಬೆರಳು ಒಂದೊಂದೇ ಹೆಸರಿನ ಕೆಳಗೆ ಇಳಿಯಿತು. ಎಲ್ಲ ಕೂಡಿಬಂತು. ಅವನು ಕುರ್ಚಿಗೆ ಒರಗಿದ.

"ಇದನ್ನು ಮಾಡಬೇಕಾದರೆ ಏನು ಬರಬೇಕು?"

"ಉರ್ದು ಮತ್ತು ಕನ್ನಡ ಎರಡೂ ಓದಲು ಬರೆಯಲು ಬರಬೇಕು, ಹುಜೂರ್."

"ಇಲ್ಲಿ ಅಂಥವರು ಎಷ್ಟು ಜನ ಇದ್ದಾರೆ?"

"ನಾನೊಬ್ಬ, ಹುಜೂರ್."

ಅವನು ಪತ್ರಿಕೆ ಮಡಚಿ, ಕಳ್ಳನಾದವನು ಹೀಗೆ ಹೇಳುವುದಿಲ್ಲ ಎಂದ. ಆಮೇಲೆ, ಹೇಳಿದರೂ ಹೇಳಬಹುದು ಎಂದ. ವಿಚಾರಣೆ ಮುಗಿಯುವ ತನಕ ನಾನು ಠಾಣೆ ಬಿಟ್ಟು ಹೋಗಬಾರದು, ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು ಎಂದು ಹುಕುಂ ಆಯಿತು. ನಿನಗೆ ಎರಡು ತಿಂಗಳು ಕಾರ್ಡು ಕೂಡ ಬರದೆ ಇದ್ದದ್ದು ಅದಕ್ಕೆ.

ನೂರಜಾನಬಿಯ ಮನೆ ಠಾಣೆಯಿಂದ ಕೂಗಳತೆ. ಆದರೆ ಆಕೆಗೆ ಹುಷಾರು ಎಂದು ಒಂದು ಮಾತು ಮುಟ್ಟಿಸಲು ನನ್ನಿಂದ ಆಗಲಿಲ್ಲ. ಯಾರ ಕೈಯಲ್ಲಿ ಹೇಳಿ ಕಳಿಸಲಿ? ಏನೆಂದು ಹೇಳಲಿ? ಆ ಪತ್ರಿಕೆಯಲ್ಲಿ ಏನಿದೆ ಎಂಬುದು ನನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ? ನಾಲ್ಕು ದಿನ ಹೀಗೇ ಯೋಚಿಸುತ್ತ ಕಳೆದೆ.

ಐದನೆಯ ದಿನ ಹುಲಗೆಮ್ಮ ಕಂಬಳಿ ಮಾರುವ ನೆಪ ಮಾಡಿ ಠಾಣೆಯ ಅಗಸಿ ಬಾಗಿಲಿಗೆ ಬಂದಳು. ಕಂಬಳಿಯನ್ನು ನನ್ನ ಮುಂದೆ ಬಿಚ್ಚಿ ಹಿಡಿದು, ಅದರ ಮರೆಯಲ್ಲಿ ಮಾತಾಡಿದಳು. ಆಕೆಯ ತುಟಿಗಳು ಒಣಗಿ ಒಡೆದಿದ್ದವು.

"ಹನುಮಸಾಗರದ ಸಂತಿ ಮುಗಿಸಿ ನಾನೂ ನೂರಜಾನಬೀನೂ ಕೂಡೇ ಬರಾಕ ಹತ್ತಿದ್ವಿರಿ. ಹೊತ್ತ ಇನ್ನಾ ಭಾಳ ಇತ್ತು. ಹಳ್ಳದ ಹತ್ತರ ನಾಕು ಮಂದಿ ಗಂಡಸರು ಅಡ್ಡ ನಿಂತರು. ಒಬ್ಬನ ಕೈಯಾಗ ಪೇಪರ್ ಇತ್ತು. ನಿನ್ನ ಹೆಸರೇನಬೇ ಅಂದ. ಆಕಿ ತಲಿಮ್ಯಾಲಿನ ಪೆಟಗಿ ಸೈತ ಇಳಸಲಿಲ್ಲ. ನೂರಜಾನಬಿ ಅಂತಾರಪಾ, ನಿನ್ನ ಹೆಂಡತೀಗಿ ಬಳಿ ಬೇಕೇನು, ಅಂದಳು."

"ಆಮ್ಯಾಲ?"

"ಬಡದ್ರಿ. ನಾ ಅಡ್ಡ ಹೋದೆ, ನನ್ನ ನೂಕಿದರು. ಊರು ಮಾರಿದಾಕಿ ಅಂತ ಒದರತಿದ್ರು. ಆಕಿ, ಯಾವ ಊರಪಾ, ಯಾರು ಮಾರ್ಯಾರ, ಅಂತ ಕೇಳಕೋತನ ಇದ್ದಳು. ಆಕೀಗಿ ಕಡೀತನ ತಿಳೀಲಿಲ್ರಿ ಗುಮಾಸ್ತರ. ಮೂರು ದಿನ ಇದ್ದಳು. ನಿನ್ನಿ ಮುಂಜಾನೆ ಹೋದಳು."

ನಾನು ಕಂಬಳಿಯ ಅಂಚು ಹಿಡಿದುಕೊಂಡು ನಿಂತಿದ್ದೆ. ಹುಲಗೆಮ್ಮ ನನ್ನ ಮುಖ ನೋಡಿ, ದನಿ ತಗ್ಗಿಸಿ ಕೇಳಿದಳು:

"ನಾ ಒಂದು ಕೇಳತೀನಿ, ಖರೇ ಹೇಳ್ರಿ. ಆ ಉಣ್ಣಿ ಗಂಟಿನ್ಯಾಗ ನಾ ಒಯ್ದದ್ದು ಏನು? ಆ ಪೇಪರಿನ್ಯಾಗ ಬಂದದ್ದನಽ?"

"ಏಳು ಊರಿನ ಮಂದಿ ಉಳದಾರ ಹುಲಗೆಮ್ಮ, ನೀ ಒಯ್ದದ್ದರಿಂದ," ಎಂದೆ.

"ಅದನ್ನ ಕೇಳಲಿಲ್ರಿ ನಾ," ಎಂದಳು. ಕಂಬಳಿ ಮಡಚಿಕೊಂಡು ಹೋದಳು.

ಆಕೆ ಮತ್ತೆ ನನ್ನೊಡನೆ ಮಾತಾಡಿದ್ದು ಮೂರು ತಿಂಗಳ ಮೇಲೆ.

ಸಪ್ಟಂಬರಿನಲ್ಲಿ ಏನಾಯಿತೆಂಬುದು ನಿನಗೆ ಅಲ್ಲಿಯೇ ತಿಳಿದಿದೆ. ಭಾರತದ ಯೂನಿಯನ್ ಸರಕಾರದ ಫೌಜು ಗಡಿ ದಾಟಿ ಬಂತು ಎಂಬ ಸುದ್ದಿಯ ಬೆನ್ನಿಗೇ ನಮ್ಮ ಠಾಣೆ ಖಾಲಿಯಾಯಿತು. ಕ್ಯಾಪ್ಟನ್ ಹೊರಡುವ ಮುಂಚೆ ಕಾಗದಗಳನ್ನು ಅಂಗಳದಲ್ಲಿ ಹಾಕಿ ಸುಡಲು ಹೇಳಿದ. ಜಮಾದಾರನೂ ನಾನೂ ಕಟ್ಟುಗಳನ್ನು ಹೊತ್ತು ತಂದೆವು. ಒಂದು ಕಟ್ಟಿನಲ್ಲಿ ನನ್ನದೇ ಅಕ್ಷರ ಕಂಡಿತು. ನೂರಜಾನಬಿಯ ಹೇಳಿಕೆ. ಎರಡು ಡಜನ್ ಹಸಿರು ಬಳೆ, ಬೂಟುಗಾಲಿನ ಒದೆತ, ಮುಂಗೈ ಮಾತು, ಕೆಳಗೆ ಹೆಬ್ಬೆಟ್ಟು. ತಲೆಯ ಮೇಲೆ ಬೇರೆ ಕೈಯಲ್ಲಿ ಕೆಂಪು ಶಾಯಿಯಿಂದ 'ಸುದ್ದಿ ಕೊಟ್ಟವಳು' ಎಂದು ಬರೆದಿತ್ತು. ಜಮಾದಾರ ನೋಡುತ್ತಿದ್ದಂತೆಯೇ ಅದನ್ನು ಅಂಗಿಯೊಳಗೆ ಸೇರಿಸಿದೆ. ಅವನಿಗೆ ತನ್ನದೇ ಚಿಂತೆ ಸಾಕಷ್ಟಿತ್ತು.

ಅಕ್ಟೋಬರಿನಲ್ಲಿ ಹೇಮಪ್ಪ ಕುಷ್ಟಗಿಗೆ ಬಂದ. ಖಾದಿ ಟೊಪ್ಪಿಗೆ, ಕೊರಳಲ್ಲಿ ಹಾರ, ಹಿಂದೆ ಮುಂದೆ ಜನ. ನನ್ನನ್ನು ಅಪ್ಪಿಕೊಂಡ. ಮನೆಗೆ ಕರೆದುಕೊಂಡು ಬಂದು ಬಾಗಿಲು ಮುಚ್ಚಿ, ಆ ಹೇಳಿಕೆಯನ್ನೂ ಅದರ ಕನ್ನಡವನ್ನೂ ಅವನ ಮುಂದಿಟ್ಟೆ. ಓದಿದ. ಹೇಮಪ್ಪ ಕೆಟ್ಟವನಲ್ಲ. ಓದುವಾಗ ಅವನ ಮುಖ ಬಿಳಚಿಕೊಂಡಿತು.

"ಛಾಪಸಬ್ಯಾಡ ಅಂತ ಬರದಿದ್ದೆ," ಎಂದೆ.

"ಬರದಿದ್ದಿ. ಆದ್ರ ಕಳಕಪ್ಪ, ಅರ್ಧಾ ಛಾಪಿಸಿ ಅರ್ಧಾ ಬಚ್ಚಿಡಾಕ ನಾ ಯಾರು? ತಮ್ಮ ಕುತ್ತಿಗಿ ಯಾರು ಹಿಡಕೊಟ್ಟಾರ ಅಂತ ಮಂದಿಗೆ ಗೊತ್ತಾಗಬೇಕಲ್ಲ? ಮಾತಾಡಿದರ ಜೇಲು ಅನ್ನೂ ಆ ಕಾಲದಾಗ, ಇದ್ದದ್ದು ಇದ್ದಂಗ ಹೇಳೂದ ನಮ್ಮ ಕೈಯಾಗಿನ ಒಂದ ಹತಾರ ಇತ್ತು."

"ಹಂಗಾದ್ರ ಇದನ್ನೂ ಛಾಪಸು. ಇದೂ ಇದ್ದದ್ದು ಇದ್ದಂಗ ಐತಿ. ಆಕಿ ಹೆಸರು ತಪ್ಪಿ ಬಂದದ ಅಂತ ಹಾಕು."

ಅವನು ಕಾಗದವನ್ನು ಮಡಚಿ ನನ್ನ ಕಡೆ ಸರಿಸಿದ. "ಈಗ ಆಗೂದಿಲ್ಲ," ಎಂದ. "ಇದು ಫೌಜಿನ ಕಾಗದ. ಈಗ ಅವೆಲ್ಲ ಹೊಸಾ ಮಿಲಿಟರಿ ಸರಕಾರದ ಸೊತ್ತು. ಅಪ್ಪಣಿ ಇಲ್ಲದ ಛಾಪಿಸಿದ್ರ ಪ್ರೆಸ್ಸಿಗೆ ಬೀಗ ಬೀಳತೈತಿ."

"ಅದೂ ಫೌಜಿನ ಕಾಗದಾನ ಇತ್ತು, ಹೇಮಪ್ಪ."

"ಆವಾಗಿಂದು ಅವರದು. ಈಗಿಂದು ನಮ್ಮದು. ಮತ್ತ ಒಂದು ತಿಳಕೊ. ಪಟ್ಟಿಯೊಳಗ ಒಂದು ಹೆಸರು ಸುಳ್ಳು ಅಂದ್ರ, ಮಂದಿ ಎಲ್ಲಾನೂ ಸುಳ್ಳು ಅಂತಾರ. ಹೋರಾಟಕ್ಕ ಕೆಟ್ಟ ಹೆಸರು ಬರತೈತಿ. ಸ್ವಲ್ಪ ದಿನ ಹೋಗಲಿ."

ಆಗಲೇ ಅವನು ಸಂಕ್ರಮಣದ ಶಾಲಿನ ಮಾತು ತೆಗೆದದ್ದು. ನಾಲ್ಕೂ ಹಾಳೆಗಳನ್ನು ಮತ್ತೊಮ್ಮೆ ಛಾಪಿಸಿ, ಇದನ್ನು ತಂದ ವೀರನು ಇವನೇ ಎಂದು ನನ್ನ ಹೆಸರು ಹಾಕುತ್ತಾನಂತೆ. ನಾನು ಎದ್ದು ಬಾಗಿಲು ತೆರೆದೆ. ಅವನಿಗೆ ಅರ್ಥವಾಯಿತು. ನಿನ್ನ ಎರಡನೆಯ ಪ್ರಶ್ನೆಗೆ ಇದೇ ಉತ್ತರ.

ನನಗೆ ಪ್ರೆಸ್ಸಿಲ್ಲ, ಕೈಯಿದೆ. ನೂರಜಾನಬಿಯ ಹೇಳಿಕೆಯನ್ನು ಕನ್ನಡದಲ್ಲಿ ಬರೆಯತೊಡಗಿದೆ. ಮೇಲೆ, 'ಪಟ್ಟಿಯಲ್ಲಿ ಈಕೆಯ ಹೆಸರು ಸುಳ್ಳಾಗಿ ಸೇರಿತ್ತು. ಈಕೆ ಠಾಣೆಯಲ್ಲಿ ಹೇಳಿದ ಮಾತು ಇಷ್ಟೇ' ಎಂದು. ಕೆಳಗೆ, 'ಆ ಪಟ್ಟಿಯನ್ನು ಹೊರಗೆ ಕಳಿಸಿದವನೂ ಇದನ್ನು ಬರೆದವನೂ ಕಳಕಪ್ಪ' ಎಂದು. ದಿನಕ್ಕೆ ನಾಲ್ಕೋ ಐದೋ ನಕಲು ಆಗುತ್ತಿತ್ತು. ಪತ್ರಿಕೆ ಎಲ್ಲೆಲ್ಲಿ ಓದಿಸಿದ್ದರೋ ಆ ಊರುಗಳಿಗೆಲ್ಲ ಹೋಗಿ ಕಟ್ಟೆಯ ಮೇಲೆ ಕೂತು ಓದಿದೆ. ಒಂದು ಊರಲ್ಲಿ ಹೆಂಗಸರು ಮುಂಗೈ ಮಾತಿಗೆ ನಕ್ಕರು, ಆಮೇಲೆ ಒಬ್ಬಳು ಬಿಕ್ಕಿದಳು, ಎಲ್ಲರೂ ಎದ್ದುಹೋದರು. ಇನ್ನೊಂದು ಊರಲ್ಲಿ ಒಬ್ಬ, "ಅವರ ಕಡೆ ವಕೀಲಿಕಿ ಮಾಡಾಕ ಎಷ್ಟು ಕೊಟ್ಟಾರೋ?" ಎಂದು ಕಾಗದ ಕಸಿದು ಹರಿದ. ಅವನಿಗೆ ಇನ್ನೊಂದು ಕೊಟ್ಟೆ. ಎರಡನೆಯದನ್ನು ಅವನು ಹರಿಯಲಿಲ್ಲ, ಮಡಚಿ ಜೇಬಿಗೆ ಹಾಕಿಕೊಂಡ.

ಆಕೆಯ 'ಊರು ಮಾರಿದಾಕಿ' ಎಂಬ ಹೆಸರು ಹೋಯಿತೋ ಇಲ್ಲವೋ ತಿಳಿಯದು. ಹುಲಗೆಮ್ಮ ಮಾತ್ರ ಒಂದು ದಿನ ಬಂದು, "ಎರಡು ನನಗೂ ಕೊಡ್ರಿ, ಸಂತಿಗೆ ಒಯ್ಯತೀನಿ. ಈ ಸಲ ಏನು ಐತಿ ಅಂತ ಓದಿ ಹೇಳಿ ಕೊಡ್ರಿ," ಎಂದಳು. ಓದಿ ಹೇಳಿಯೇ ಕೊಟ್ಟೆ.

ನೂರಜಾನಬಿಯ ಮಗಳು ಇಮಾಮಬಾನು ತನ್ನ ಸೋದರತ್ತೆ ಮೈಮುನಬಿಯ ಮನೆಯಲ್ಲಿದ್ದಾಳೆ. ನಮ್ಮ ಮಗಳಿಗಿಂತ ಮೂರು ವರ್ಷ ದೊಡ್ಡವಳು. ಸಪ್ಟಂಬರಿನ ಮೇಲೆ ಆ ಓಣಿಯವರು ಹೆದರಿ ಹಗಲಲ್ಲೂ ಬಾಗಿಲು ತೆರೆಯುತ್ತಿರಲಿಲ್ಲ. ಮೊದಲ ನಕಲು ಅವಳಿಗೇ ಕೊಟ್ಟೆ. ಪಟ್ಟಿ ಕಳಿಸಿದವನು ನಾನೇ ಎಂದೂ ಹೇಳಿದೆ. ಹುಡುಗಿ ಕಾಗದ ಹಿಡಿದುಕೊಂಡು, "ಅಮ್ಮಾ ಹಿಂಗಽ ಅಂದಿದ್ದಳೇನ್ರಿ? ಮುಂಗೈ ನೋಡಾಕಿ ಅಂತ?" ಎಂದಳು. ಹೌದೆಂದೆ. "ಹಂಗಾದ್ರ ಆಕೀದನಽ ಇದು," ಎಂದು ಒಳಗೆ ಒಯ್ದಳು. ನನ್ನನ್ನು ಕೂಡು ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ.

ನಿನ್ನೆ ಹೊಸ ಸರಕಾರದ ನೋಟೀಸು ಬಂದಿದೆ. ಅಪ್ಪಣೆಯಿಲ್ಲದೆ ಲಷ್ಕರಿ ದಾಖಲೆ ಇಟ್ಟುಕೊಂಡು, ಅದರ ಪ್ರತಿಗಳನ್ನು ಜನರಲ್ಲಿ ಹಂಚಿ, ಅಶಾಂತಿಗೆ ಕಾರಣವಾದ ಬಗ್ಗೆ ಸೋಮವಾರ ಹಾಜರಾಗಬೇಕು. ಮೂಲವನ್ನೂ ತರಬೇಕು. ಜೇಲು ಆಗಬಹುದು, ನೌಕರಿಯಂತೂ ಹೋದಂತೆಯೇ. ಮೂಲವನ್ನು ಕೊಟ್ಟುಬಿಡುತ್ತೇನೆ, ನಕಲುಗಳು ಊರೂರಲ್ಲಿವೆ. ಯಾಕೆ ಮಾಡಿದೆ ಎಂದು ಕೇಳಿದರೆ, ಆಗ ಮಾಡಿದ್ದಕ್ಕೆ ಶಾಲು ಹೊದಿಸುತ್ತೀರಿ, ಈಗ ಮಾಡಿದ್ದಕ್ಕೆ ಹಿಡಿಯುತ್ತೀರಿ, ಎರಡನ್ನೂ ಮಾಡಿದ ಕೈ ಒಂದೇ ಎಂದು ಹೇಳಬೇಕೆಂದಿದ್ದೇನೆ. ಅಲ್ಲಿ ನಿಂತಾಗ ಬಾಯಿಗೆ ಮಾತು ಬರುತ್ತದೋ ಇಲ್ಲವೋ.

ಆದ್ದರಿಂದ ನಿಮ್ಮನ್ನು ಯಾವಾಗ ಕರೆದುಕೊಂಡು ಬರುತ್ತೇನೆಂದು ಈಗ ಹೇಳಲಾರೆ. ಎಳ್ಳಮವಾಸ್ಯೆಗೆ ನಾನಿಲ್ಲದಿದ್ದರೂ ಮಗಳನ್ನು ಯಾರದಾದರೂ ಹೊಲಕ್ಕೆ ಕರೆದುಕೊಂಡು ಹೋಗು, ಅವಳಿಗೆ ಹೊಲದಲ್ಲಿ ಉಣ್ಣುವುದು ಎಂದರೆ ಜೀವ. ಅವಳ ಕೆಮ್ಮಿಗೆ ಜ್ಯೇಷ್ಠಮಧು ಕಟ್ಟಿ ಕಳಿಸಿದ್ದೇನೆ. ನೀನು ಧೈರ್ಯದಿಂದ ಇರು. ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ, ಮಗಳು ನೂರು ಕಾಲ ಬಾಳಲಿ, ಮತ್ತೆ ಒಂದೇ ಒಲೆಯ ಮುಂದೆ ಕೂಡುವ ದಿನ ಬೇಗ ಬರಲಿ.

ಇತಿ ನಿನ್ನ,
ಕಳಕಪ್ಪ

ತಾಜಾ ಕಲಂ: ಸಹಿ ಮಾಡಿ ಲಕೋಟೆಗೆ ಹಾಕಿದ್ದೆ. ತಿರುಗಿ ತೆಗೆದೆ. ಹುಲಗೆಮ್ಮ ಹೊರಗೆ ಕಾಯುತ್ತಿದ್ದಾಳೆ.

ಮೂಲ ಹುಕುಮಿನಲ್ಲಿ ಎಂಟು ಹೆಸರು ಇರಲಿಲ್ಲ, ಒಂಬತ್ತು ಇದ್ದವು. ನಾಲ್ಕನೆಯದು, 'ಕೊಟ್ರಬಸಪ್ಪ, ಕಾಳಿನ ವ್ಯಾಪಾರಿ, ಯಲಬುರ್ಗಾ'. ನಿಮ್ಮಣ್ಣ. ನೂರಜಾನಬಿಯದು ಅದರ ಕೆಳಗೆ, ಐದನೆಯದು. ಆ ಮಧ್ಯಾಹ್ನ ಮೂರು ಹೆಸರು ಬರೆದ ಮೇಲೆ ನನ್ನ ಕೈ ನಿಂತಿತು. ನಿನ್ನನ್ನೂ ಮಗಳನ್ನೂ ನೆನೆದೆ, ನೀವಿಬ್ಬರೂ ಇರುವ ಮನೆಯನ್ನು ನೆನೆದೆ. ಆ ಹೆಸರು ಬಿಟ್ಟು ಮುಂದಿನದಕ್ಕೆ ಹೋದೆ. ಕ್ಯಾಪ್ಟನ್ನನ ಮುಂದೆ ಪತ್ರಿಕೆ ಓದುವಾಗ, ಅವನ ಬೆರಳು ಮೂಲದ ನಾಲ್ಕನೆಯ ಹೆಸರಿನ ಕೆಳಗೆ ಬಂದಾಗ, ಪತ್ರಿಕೆಯಲ್ಲಿಲ್ಲದ ಆ ಹೆಸರನ್ನು ಬಾಯಿಂದ ಸೇರಿಸಿ ಓದಿದೆ. ಆ ಕೋಣೆಯಲ್ಲಿ ಕನ್ನಡ ಓದುವವರು ಇನ್ನೊಬ್ಬರಿದ್ದರೆ ಅಂದೇ ಮುಗಿಯುತ್ತಿತ್ತು.

ಹೇಮಪ್ಪ ಛಾಪಿಸಿದ ಎಂದು ಅವನ ಮೇಲೆ ಎಷ್ಟೋ ಬರೆದೆ. ಹೊತ್ತು ಇರಲಿಲ್ಲ ಎಂದೂ ಬರೆದೆ. ಒಂದು ಹೆಸರು ಬಿಡುವಷ್ಟು ಹೊತ್ತು ಇತ್ತು.

ನಿಮ್ಮಣ್ಣ ನಿಜವಾಗಿ ಸುದ್ದಿ ಕೊಟ್ಟಿದ್ದರೋ, ಅವರ ಹೆಸರೂ ಸುಮ್ಮನೆ ಸೇರಿತ್ತೋ, ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಆದರೂ ಬಿಟ್ಟೆ. ನೂರಜಾನಬಿಯದು ಸುಳ್ಳೆಂದು ಗೊತ್ತಿತ್ತು. ಅದನ್ನು ಬರೆದೆ.

ಇಮಾಮಬಾನುವಿಗೆ ಇದನ್ನು ಇನ್ನೂ ಹೇಳಿಲ್ಲ. ನಾಳೆ ಹೋಗಿ ಹೇಳುತ್ತೇನೆ. ಮೊದಲು ಅವಳಿಗೆ ಹೇಳಬೇಕಾಗಿತ್ತು. ಈ ಸಲವೂ ನನ್ನವರನ್ನೇ ಮುಂದೆ ಮಾಡಿಕೊಂಡೆ.